ಸ್ಕ್ಯಾನ್ ವರದಿಯಲ್ಲಿ ಮೂಳೆ ಗಟ್ಟಿ, ಆದರೂ ಮುರಿದದ್ದೇಕೆ?

ಪ್ರಶ್ನೆ: ನಾನು 61 ವರ್ಷದ ಮಹಿಳೆ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಮೂರು ಔಷಧಗಳು ಸೇರಿರುವ ಗುಳಿಗೆಯೊಂದನ್ನು ನುಂಗುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಬಚ್ಚಲಿನ ಹೊಸ್ತಿಲು ಎಡವಿ, ಕೈಯೂರಿ ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿಯಿತು. ತುಮಕೂರಿನಲ್ಲಿ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಮೂಳೆಯ ಸಾಂದ್ರತೆ ಚೆನ್ನಾಗಿಯೇ ಇದೆ ಎಂದರು. ಎರಡು ಹೊತ್ತೂ ರಾಗಿ ಮುದ್ದೆ ಉಣ್ಣುತ್ತೇನೆ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 8.9 ಇದೆ. ವೈದ್ಯರು ವ್ಯಾಯಾಮ ಮಾಡಿ ಎನ್ನುತ್ತಾರೆ. ಮನೆಯವರು ಮತ್ತೆ ಬಿದ್ದೇನೆಂದು ಹೆದರಿ ಹೊರಗೆ ಬಿಡುತ್ತಿಲ್ಲ. ಯಾರ ಮಾತು ಕೇಳಲಿ?
– ಓದುಗರು, ಪಾವಗಡ ತಾಲ್ಲೂಕು

ಉತ್ತರ: ವೈದ್ಯರ ಮಾತನ್ನೇ ಕೇಳಿ. ಆದರೆ ಮನೆಯವರ ಭಯವೂ ನಿರಾಧಾರವಲ್ಲವಾದ್ದರಿಂದ, ಎಂಥ ವ್ಯಾಯಾಮ, ಹೇಗೆ ಮಾಡಬೇಕು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಡೆಕ್ಸಾ ಸ್ಕ್ಯಾನ್ ಅಳೆಯುವುದು ಮೂಳೆಯಲ್ಲಿರುವ ಖನಿಜದ ಪ್ರಮಾಣವನ್ನೇ ಹೊರತು ಅದರ ಗುಣವನ್ನಲ್ಲ. ಟೈಪ್ 2 (ಹೆಚ್ಚಾಗಿ ವಯಸ್ಕರಿಗೆ ಬರುವ ಬಗೆಯ) ಮಧುಮೇಹಿಗಳಲ್ಲಿ ಈ ಪ್ರಮಾಣ ಸಾಮಾನ್ಯವಾಗಿರುವುದು, ಕೆಲವೊಮ್ಮೆ ಉಳಿದವರಿಗಿಂತ ಹೆಚ್ಚೇ ಇರುವುದು ಅಪರೂಪವಲ್ಲ. ಆದರೂ ಅವರ ಮೂಳೆ ಹೆಚ್ಚಾಗಿ ಮುರಿಯುತ್ತದೆ. ರಕ್ತದಲ್ಲಿ ವರ್ಷಗಟ್ಟಲೆ ಏರಿ ನಿಂತ ಸಕ್ಕರೆಯು ಮೂಳೆಯ ಹಂದರವಾದ ಕೊಲಾಜೆನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದರ ಬಾಗುವ ಗುಣವನ್ನು ಕಳೆಯುತ್ತದೆ. ಹಳೆಯ ಮೂಳೆ ಕರಗಿ ಹೊಸದು ಕಟ್ಟುವ ಕೆಲಸವೂ ನಿಧಾನವಾಗುತ್ತದೆ. ಹಸಿ ಹುಣಸೆ ಬರಲು ಬಾಗುತ್ತದೆ, ಅಷ್ಟೇ ದಪ್ಪದ ಒಣ ಬರಲು ಲಟಕ್ಕನೆ ಮುರಿಯುತ್ತದೆ. ನಿಮ್ಮ ಮೂಳೆಯಲ್ಲಿ ಆಗಿರುವುದೂ ಇಂಥದೇ ಇರಬಹುದು. ನಿಂತ ನೆಲದಲ್ಲೇ ಬಿದ್ದು ಮೂಳೆ ಮುರಿದದ್ದು ಸ್ಕ್ಯಾನ್ ವರದಿಗಿಂತ ದೊಡ್ಡ ಸಾಕ್ಷಿ. ಆದ್ದರಿಂದ ವರದಿ ಚೆನ್ನಾಗಿದೆಯೆಂದು ಸುಮ್ಮನಾಗದೆ, ಮೂಳೆಗೆ ಪ್ರತ್ಯೇಕ ಚಿಕಿತ್ಸೆ ಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ.

ನಿಮ್ಮ ಊರಿನ ಹೆಸರು ನೋಡಿ ಇನ್ನೊಂದು ಮಾತು ಹೇಳಲೇಬೇಕಾಗಿದೆ. ಪಾವಗಡ, ಬಾಗೇಪಳ್ಳಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಇರಬಹುದು ಎಂಬುದು ನಮ್ಮ ದೇಶದ ಮಾನದಂಡ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಮೂಳೆ ಸ್ಕ್ಯಾನ್‌ನಲ್ಲಿ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿರುತ್ತದೆ. ಅಂದರೆ ನಿಮ್ಮ ವರದಿ ಎರಡು ಕಾರಣಗಳಿಂದ ದಾರಿ ತಪ್ಪಿಸಿರಬಹುದು. ದೇಹ ಸೇರಿದ ಫ್ಲೋರೈಡ್ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ. ಸಕ್ಕರೆ ಕಾಯಿಲೆ ಮೊದಲು ಕೈಹಾಕುವ ಅಂಗಗಳಲ್ಲಿ ಅವೂ ಸೇರಿವೆ. ಕತ್ತು, ಬೆನ್ನು ಬಿಗಿಯಾಗಿ ಬಗ್ಗಲು ಕಷ್ಟವಾಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ಕುಡಿಯಲು ಮಾತ್ರವಲ್ಲದೆ ಮುದ್ದೆ, ಸಾರಿಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ಗುಳಿಗೆಯ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಮೂರು ಔಷಧ ಸೇರಿದ ಗುಳಿಗೆಗಳಲ್ಲಿ ಹಲವದರಲ್ಲಿ ಪಯೋಗ್ಲಿಟಜೋನ್ ಇರುತ್ತದೆ. ಅದು ಮಹಿಳೆಯರಲ್ಲಿ ಮೂಳೆ ಮುರಿತದ ಸಾಧ್ಯತೆಯನ್ನು ಹೆಚ್ಚಿಸುವುದು ದೃಢಪಟ್ಟಿದ್ದು, ಈಗಾಗಲೇ ಮೂಳೆ ಮುರಿದಿರುವವರಿಗೆ ಬದಲಿ ಔಷಧ ಕೊಡುವುದು ಒಳ್ಳೆಯದು. ಗ್ಲಿಮೆಪಿರೈಡ್ ಇದ್ದರೆ ಸಕ್ಕರೆ ದಿಢೀರನೆ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಿ ಪಾದ ಜೋಮುಗಟ್ಟಬಹುದು. ಹೊಸ್ತಿಲು ಕಾಲಿಗೆ ತಗುಲಿದ್ದು ತಿಳಿಯದೇ ಹೋಗಲು ಅದೂ ಕಾರಣವಿರಬಹುದು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಇನ್ನು ವ್ಯಾಯಾಮ. ಕುಳಿತೇ ಇದ್ದರೆ ತೊಡೆಯ ಸ್ನಾಯು ಸೊರಗಿ, ಬೀಳುವ ಸಾಧ್ಯತೆ ಇನ್ನೂ ಹೆಚ್ಚುತ್ತದೆ ಎಂಬುದನ್ನು ಮನೆಯವರಿಗೆ ತಿಳಿಸಿ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುವುದರಿಂದ, ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ನಡೆದರೂ ಲಾಭವುಂಟು. ವಾರಕ್ಕೆ ಒಟ್ಟು 150 ನಿಮಿಷ ನಮ್ಮ ಗುರಿಯಾಗಿರಲಿ. ಆದರೆ ನಡಿಗೆಯೊಂದೇ ಸಾಲದು, ಕಾಲಿಗೆ ಬಲವೂ ಮೈಗೆ ಸಮತೋಲನವೂ ಬೇಕು. ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ ಎದ್ದು ನಿಂತು, ನಿಧಾನವಾಗಿ ಕೂರಿ. ಎಂಟು ಹತ್ತು ಬಾರಿ ಮಾಡಿ, ಸ್ವಲ್ಪ ಸುಧಾರಿಸಿಕೊಂಡು ಮತ್ತೊಮ್ಮೆ ಮಾಡಿ. ಮೊದಮೊದಲು ಕೈ ಊರಿದರೂ ಅಡ್ಡಿಯಿಲ್ಲ. ಬಳಿಕ ಅಡುಗೆ ಕಟ್ಟೆಯನ್ನು ಎರಡೂ ಕೈಗಳಿಂದ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಒಂದು ಕಾಲ ಮೇಲೆ ಹತ್ತು ಎಣಿಸುವಷ್ಟು ನಿಲ್ಲಿ. ವಾರದಲ್ಲಿ ಎರಡು ಮೂರು ದಿನ ಇದನ್ನು ಮಾಡಿ, ಮೊದಲ ವಾರಗಳಲ್ಲಿ ಸೊಸೆಯೋ ಮಗನೋ ಪಕ್ಕದಲ್ಲಿರಲಿ. ಸೊಂಟ ಬಗ್ಗಿಸಿ ಕೊಡ ಎತ್ತುವುದು, ಬೆನ್ನು ತಿರುಚುವುದು ಬೇಡ. ಆರಂಭಿಸುವ ಮುನ್ನ ಕಣ್ಣಿನ ಅಕ್ಷಿಪಟಲ ಮತ್ತು ಪಾದಗಳ ಪರೀಕ್ಷೆ ಮಾಡಿಸಿಕೊಳ್ಳಿ. ಬಚ್ಚಲಿನಲ್ಲಿ ಹಿಡಿಕೆಯೊಂದನ್ನು ಗೋಡೆಗೆ ಕೂರಿಸಿ, ರಾತ್ರಿ ದೀಪವಿರಲಿ.

ರಾಗಿಯ ಮೇಲಿನ ನಿಮ್ಮ ನಂಬಿಕೆ ಸರಿಯಾದದ್ದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ ಬೇಕಾದದ್ದು 1,200 ಮಿಲಿಗ್ರಾಂ. ಹಾಗೆಂದು ಮುದ್ದೆಯ ಗಾತ್ರ ಹೆಚ್ಚಿಸಬಾರದು, ಏಕೆಂದರೆ ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಮುದ್ದೆ ಚಿಕ್ಕದಾಗಿರಲಿ, ಬಸ್ಸಾರಿನ ಸೊಪ್ಪು, ಕಾಳು, ಮಜ್ಜಿಗೆ ಧಾರಾಳವಾಗಿರಲಿ. ಡಿ ಜೀವಸತ್ವದ ಪರೀಕ್ಷೆಯನ್ನೂ ಮಾಡಿಸಿ. 8.9 ಇರುವ ಎಚ್‌ಬಿಎ1ಸಿಯನ್ನು ಅವಸರವಿಲ್ಲದೆ, ಸಕ್ಕರೆ ಕುಸಿಯದಂತೆ, 7.5ರ ಆಸುಪಾಸಿಗೆ ತಂದರೆ ಮೂಳೆಗೂ ಒಳ್ಳೆಯದು.

ಪ್ರಶ್ನೆ: ನನಗೆ 24 ವರ್ಷ, ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆಯ) ಮಧುಮೇಹಿ. ಸಂಜೆ ವಾಲಿಬಾಲ್ ಆಡಿದ ದಿನ ನಡುರಾತ್ರಿ ಸಕ್ಕರೆ ಇಳಿದು ಬೆವರುತ್ತೇನೆ. ಆಟ ಬಿಡಬೇಕೇ?
– ಓದುಗರು, ಚಿಂತಾಮಣಿ

ಉತ್ತರ: ಬಿಡಬೇಡಿ. ಟೈಪ್ 1ರಲ್ಲಿ ಮೂಳೆಯ ಸಾಂದ್ರತೆಯೇ ಕಡಿಮೆಯಾಗುವ ಸಂಭವವಿರುವುದರಿಂದ, ನೆಗೆದು ಆಡುವ ಆಟ ನಿಮಗೆ ಬೇಕೇ ಬೇಕು. ಆಟದಲ್ಲಿ ಖರ್ಚಾದ ಸಕ್ಕರೆಯ ದಾಸ್ತಾನನ್ನು ಸ್ನಾಯುಗಳು ಮುಂದಿನ 24 ಗಂಟೆಗಳವರೆಗೂ ತುಂಬಿಕೊಳ್ಳುತ್ತಿರುತ್ತವೆ. ರಾತ್ರಿ ಸಕ್ಕರೆ ಇಳಿಯುವುದು ಇದರಿಂದ. ಆಡಿದ ದಿನ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಆಟಕ್ಕೆ ಮುನ್ನ ರಕ್ತದ ಸಕ್ಕರೆ 90ಕ್ಕಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣು ತಿನ್ನಿ. ಸಕ್ಕರೆ 250 ಮೀರಿ, ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಹುಟ್ಟುವ ವಸ್ತು) ಇದ್ದರೆ ಅಂದು ಆಡಬೇಡಿ. ಮಲಗುವ ಮುನ್ನ ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳುವುದನ್ನು ತಪ್ಪಿಸಬೇಡಿ, ಸಕ್ಕರೆ ಕುಸಿದಾಗ ಏನು ಮಾಡಬೇಕೆಂದು ಮನೆಯವರಿಗೂ ಹೇಳಿಕೊಟ್ಟಿರಿ.