ವಿಟಮಿನ್ ಡಿ ಸರಿಹೋದರೆ ಉದುರಿದ ಕೂದಲು ಮತ್ತೆ ಬರುತ್ತಾ?

ತಲೆಯಲ್ಲಿ ಎರಡು ಕಡೆ ನಾಣ್ಯದಗಲ ಕೂದಲು ಉದುರಿದೆ, ಅಲೋಪೇಶಿಯಾ ಏರಿಯೇಟಾ ಅಂದಿದ್ದಾರೆ, ವಿಟಮಿನ್ ಡಿ 11 ಬಂದಿದೆ, ಮಾತ್ರೆ ತಗೊಂಡರೆ ಸಾಕಾ ಅಂತ ಕೇಳಿದ್ದೀರಿ. ಮಾತ್ರೆ ತಗೊಳ್ಳಿ, ಆದರೆ ಅದನ್ನೇ ನಂಬಿ ಕೂದಲಿನ ಚಿಕಿತ್ಸೆ ಮುಂದೂಡಬೇಡಿ.

ಈ ಕಾಯಿಲೆಯಲ್ಲಿ ರೋಗದ ವಿರುದ್ಧ ಹೋರಾಡಬೇಕಾದ ನಮ್ಮದೇ ಬಿಳಿ ರಕ್ತಕಣಗಳು (ಟಿ ಕಣಗಳು) ಬೆಳೆಯುತ್ತಿರುವ ಕೂದಲಿನ ಬುಡದ ಮೇಲೆ ಬೀಳುತ್ತವೆ. ಬೋಳಾದ ಜಾಗದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿಸಿ: ತುದಿ ದಪ್ಪ, ಬುಡ ಸಪೂರ ಇರುವ ಮೋಟು ಕೂದಲು ಕಂಡರೆ ದಾಳಿ ಇನ್ನೂ ನಡೆಯುತ್ತಿದೆ. ಇಂಥವರಲ್ಲಿ ಡಿ ಮಟ್ಟ ಸರಾಸರಿ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ನಿಜ. ಆದರೆ ಜೊತೆಗಿದ್ದ ಮಾತ್ರಕ್ಕೆ ಅದೇ ಕಾರಣ ಅನ್ನುವಂತಿಲ್ಲ. ಡಿ ಹೋಗಿ ಕೂರುವ ರಿಸೆಪ್ಟರ್ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಲ್ಲಿ ರಿಕೆಟ್ಸ್ (ಮೂಳೆ ಮೆತ್ತಗಾಗಿ ಬಾಗುವ ಕಾಯಿಲೆ) ಜೊತೆಗೆ ತಲೆಯೂ ಬೋಳಾಗುವುದುಂಟು. ಬರೀ ಡಿ ಕೊರತೆಯ ರಿಕೆಟ್ಸ್‌ನಲ್ಲಿ ಹಾಗಾಗುವುದಿಲ್ಲ. ಕೂದಲು ಬೆಳೆದು, ಉದುರಿ, ಮತ್ತೆ ಹುಟ್ಟುವ ಚಕ್ರ ತಿರುಗಲು ಮುಖ್ಯವಾಗಿ ಬೇಕಾದದ್ದು ಆ ರಿಸೆಪ್ಟರ್.

ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಅಳೆದಿರಬೇಕಾದದ್ದು 25-ಹೈಡ್ರಾಕ್ಸಿ ವಿಟಮಿನ್ ಡಿ. ಅದು ನ್ಯಾನೋಗ್ರಾಂ/ಮಿಲಿ ಲೆಕ್ಕದಲ್ಲಿ 20ಕ್ಕಿಂತ ಕೆಳಗಿದ್ದರೆ ಕೊರತೆ. ನ್ಯಾನೋಮೋಲ್/ಲೀಟರ್ ಆದರೆ ಆ ಗಡಿ 50. ಕೂದಲಿಗೆಂದು ಬಯೋಟಿನ್ (ಒಂದು ಬಿ ವಿಟಮಿನ್) ನುಂಗುತ್ತಿದ್ದರೆ ಲ್ಯಾಬಿಗೆ ಹೇಳಲೇಬೇಕು. ಕೆಲವು ಯಂತ್ರಗಳಲ್ಲಿ ಅದರಿಂದ ಡಿ ಇರುವುದಕ್ಕಿಂತ ಹೆಚ್ಚು, ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಕಡಿಮೆ ತೋರಿಸುತ್ತದೆ. ಈ ಕಾಯಿಲೆ ಇರುವವರಲ್ಲಿ ಥೈರಾಯ್ಡ್ ತೊಂದರೆಯೂ ಹೆಚ್ಚು, ಹಾಗಾಗಿ ಈ ತಪ್ಪು ದುಬಾರಿ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಡೋಸ್ ದೊಡ್ಡದಿದ್ದರೆ ಇನ್ನೂ ಮುಂಚೆ.

ಕೊರತೆ ತುಂಬಲು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದು 50,000 ಅಥವಾ 60,000 ಯೂನಿಟ್, 8 ವಾರ ಬರೆಯುತ್ತಾರೆ. ಜಿಡ್ಡಿರುವ ಊಟದ ಜೊತೆ ತಗೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ವಾರದ ಮಾತ್ರೆಯನ್ನು ದಿನಾ ನುಂಗುವುದು ಅಪಾಯದ ತಪ್ಪು: ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಶುರುವಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮತ್ತೆ ಪರೀಕ್ಷೆ ಮಾಡಿಸುವುದು ಮೂರು ತಿಂಗಳಿಗೆ.

ಕೂದಲಿಗೆ ಬೇರೆಯೇ ದಾರಿ. ಸಣ್ಣ ಜಾಗಕ್ಕೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು, 4ರಿಂದ 6 ವಾರಕ್ಕೊಮ್ಮೆ. ಒಂದೇ ಕಡೆ ಹೆಚ್ಚು ಕೊಟ್ಟರೆ ಚರ್ಮ ಕುಳಿ ಬೀಳುತ್ತದೆ, ಹೆಚ್ಚಾಗಿ ತಾನೇ ತುಂಬಿಕೊಳ್ಳುತ್ತದೆ. ಅರ್ಧ ತಲೆಗಿಂತ ಹೆಚ್ಚು ಉದುರಿದ ವಯಸ್ಕರಿಗೆ ಆ ದಾಳಿಯನ್ನು ತಗ್ಗಿಸುವ ಬ್ಯಾರಿಸಿಟಿನಿಬ್‌ನಂಥ ಮಾತ್ರೆಗಳಿವೆ. ಸಣ್ಣ ಜಾಗಗಳಲ್ಲಿ ಏನೂ ಮಾಡದೆಯೂ ವರ್ಷದೊಳಗೆ ಕೂದಲು ಬರುವುದುಂಟು. ಡಿ ಮಾತ್ರೆಗೆ ಇಷ್ಟು ಹೆಸರು ಬರಲು ಅದೂ ಒಂದು ಕಾರಣ. ಮೊದಲು ಬೆಳ್ಳಗೆ ಬಂದರೆ ಗಾಬರಿಯಾಗಬೇಡಿ, ಬಣ್ಣ ಸಾಮಾನ್ಯವಾಗಿ ಆಮೇಲೆ ಕೂಡಿಕೊಳ್ಳುತ್ತದೆ.