ಭಾರವನ್ನು ಎಷ್ಟು ಬೇಗ ಏರಿಸಬಹುದು?

ಪ್ರಶ್ನೆ: ನಾನು 27 ವರ್ಷದ ಅಡಿಕೆ ಕೃಷಿಕ. ಮೂರು ತಿಂಗಳಿನಿಂದ ಜಿಮ್‌ಗೆ ಹೋಗುತ್ತಿದ್ದೇನೆ. ವಾರಕ್ಕೆ 5 ಕಿಲೋದಂತೆ ಏರಿಸುತ್ತಾ, ಹೆಗಲ ಮೇಲೆ ಬಾರ್ ಹೊತ್ತು ಕುಳಿತು ಏಳುವ ಸ್ಕ್ವಾಟ್‌ನಲ್ಲಿ 60 ಕಿಲೋ ತಲುಪಿದೆ. ಆದರೆ ತಲೆಯ ಮೇಲೆ ಬಾರ್ ಎತ್ತುವ ಪ್ರೆಸ್ 25 ಕಿಲೋದಲ್ಲೇ ನಿಂತಿದೆ. 30ಕ್ಕೆ ಹೋದಾಗಲೆಲ್ಲ ಮೊಣಕೈ ನೋಯುತ್ತದೆ. ಏನು ಮಾಡಲಿ?
– ಓರ್ವ ಓದುಗ, ಬದಿಯಡ್ಕ

ಉತ್ತರ: ಎರಡೂ ವ್ಯಾಯಾಮಗಳಿಗೆ ಒಂದೇ 5 ಕಿಲೋ ಸೇರಿಸುತ್ತಿರುವುದೇ ತೊಡಕಿಗೆ ಕಾರಣವೆಂದು ತೋರುತ್ತದೆ. 60 ಕಿಲೋದ ಮೇಲೆ ಐದೆಂದರೆ ಶೇ. 8ರಷ್ಟು ಹೆಚ್ಚಳ, 25ರ ಮೇಲೆ ಅದೇ ಐದು ಶೇ. 20 ಆಗುತ್ತದೆ. ನಿಗದಿಪಡಿಸಿಕೊಂಡ ಸಂಖ್ಯೆಗಿಂತ ಒಂದೆರಡು ರೆಪ್ (ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್) ಹೆಚ್ಚು ಮಾಡಲು ಸಾಧ್ಯವಾದಾಗ ಮಾತ್ರ ಶೇ. 2ರಿಂದ 10ರಷ್ಟು ಭಾರ ಏರಿಸಬೇಕೆಂದು ಕ್ರೀಡಾ ವೈದ್ಯಕೀಯ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಸೂಚಿಸಿದೆ. ಕಾಲು, ಸೊಂಟದಂತಹ ದೊಡ್ಡ ಸ್ನಾಯುಗಳ ವ್ಯಾಯಾಮಕ್ಕೆ ಇದರ ಮೇಲಿನ ಮಿತಿ, ಭುಜ ಮತ್ತು ತೋಳಿನದಕ್ಕೆ ಕೆಳಗಿನ ಮಿತಿ ಹೊಂದುತ್ತದೆ. ಅಂದರೆ ಏರಿಕೆಯನ್ನು ನಿರ್ಧರಿಸಬೇಕಾದದ್ದು ಕ್ಯಾಲೆಂಡರ್ ಅಲ್ಲ, ನೀವು ಸರಿಯಾದ ಭಂಗಿಯಲ್ಲಿ ಪೂರೈಸಿದ ರೆಪ್‌ಗಳು.

ಮೊದಲ ಕೆಲವು ವಾರಗಳಲ್ಲಿ ಶಕ್ತಿ ಭರಭರನೆ ಏರುವುದು ಬಹುಪಾಲು ನರಮಂಡಲವು ಇರುವ ಸ್ನಾಯುಗಳನ್ನೇ ಚೆನ್ನಾಗಿ ದುಡಿಸಲು ಕಲಿಯುವುದರಿಂದ. ಸ್ನಾಯು ದಪ್ಪವಾಗುವುದು ನಿಧಾನ. ಅದನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತಪೂರೈಕೆ ಕಡಿಮೆಯಿರುವುದರಿಂದ ಅವು ಗಟ್ಟಿಯಾಗಲು ಇನ್ನೂ ಹೆಚ್ಚು ಕಾಲ ಬೇಕು. ಎತ್ತಲು ಬರುತ್ತದೆ ಎಂದ ಮಾತ್ರಕ್ಕೆ ಕೀಲು ಸಿದ್ಧವಾಗಿದೆ ಎಂದು ತಿಳಿಯುವಂತಿಲ್ಲ.

ಆದ್ದರಿಂದ ನೋವಿಲ್ಲದೆ ಎತ್ತಬಲ್ಲ ಭಾರಕ್ಕೆ, ಅದು 20 ಕಿಲೋದ ಬರೀ ಬಾರ್ ಆದರೂ ಸರಿ, ಇಳಿಯಿರಿ. ಮೂರು ಸೆಟ್‌ಗಳಲ್ಲಿ, ಅಂದರೆ ನಡುವೆ ವಿಶ್ರಮಿಸಿ ಮಾಡುವ ಮೂರು ಸುತ್ತುಗಳಲ್ಲಿ, ತಲಾ 8 ರೆಪ್‌ನಿಂದ ಆರಂಭಿಸಿ, ಮೂರರಲ್ಲೂ 12 ತಲುಪಿ, ಮುಂದಿನ ಸರದಿಯಲ್ಲೂ ಅದನ್ನೇ ಪೂರೈಸಿದ ಬಳಿಕ ಎರಡೂ ಬದಿಗೆ 1.25 ಕಿಲೋದ ಪ್ಲೇಟ್ ಹಾಕಿ ಮತ್ತೆ 8ಕ್ಕೆ ಮರಳಿರಿ. ಹಗುರ ಭಾರದಲ್ಲಿ ಈ 2.5 ಕಿಲೋ ಕೂಡ ಶೇ. 10ನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ಹಾಗಾಗಿಯೇ ಮೊದಲು ರೆಪ್ ಕೂಡಿಸಿಕೊಳ್ಳಬೇಕು. ಇದಕ್ಕೆ ಎರಡು ವಾರವಾದರೂ ತಿಂಗಳಾದರೂ ಚಿಂತೆಯಿಲ್ಲ. ಪಕ್ಕದವನ ಬಾರ್‌ನತ್ತ ಕಣ್ಣು ಹಾಯಿಸುವುದು ನಮ್ಮ ಜಿಮ್‌ಗಳ ಹಳೆಯ ಚಾಳಿ, ಅದನ್ನು ಬಿಡಿ. ಸ್ಕ್ವಾಟ್‌ಗೂ ಇನ್ನು 2.5 ಕಿಲೋ ಸಾಕು.

ಕೊಯ್ಲಿನ ದಿನಗಳಲ್ಲಿ ಗೊನೆ ಇಳಿಸಿ, ಹೊತ್ತು ಅಂಗಳಕ್ಕೆ ಸಾಗಿಸುವ ಕೆಲಸವೂ ಅದೇ ಭುಜ, ಮೊಣಕೈಗಳ ಮೇಲೆ ಬೀಳುವುದರಿಂದ, ಆ ವಾರಗಳಲ್ಲಿ ಭಾರ ಏರಿಸದೆ ಇದ್ದಷ್ಟನ್ನೇ ಉಳಿಸಿಕೊಳ್ಳಿ. ಭಾರ ಇಳಿಸಿದ ಮೇಲೂ ಎರಡು ವಾರದಲ್ಲಿ ನೋವು ತಗ್ಗದಿದ್ದರೆ, ಅಥವಾ ಬೆರಳುಗಳು ಜೋಮು ಹಿಡಿದರೆ, ಮೂಳೆ ತಜ್ಞರಿಗೆ ತೋರಿಸಿರಿ.