ಮೆದುಳಿನ ಕೋಶಕ್ಕೆ ಬಣ್ಣ ಇದೆಯಾ?

ಪ್ರಶ್ನೆ: ಬಯಾಲಜಿ ಓದುತ್ತಿರುವ ಮಗಳು ಮೊನ್ನೆ ಮೊಬೈಲ್‌ನಲ್ಲಿ ಮೆದುಳಿನ ಕೋಶಗಳ ಫೋಟೋ ತೋರಿಸಿದಳು. ಕೆಂಪು, ನೀಲಿ, ಹಳದಿ, ಒಳ್ಳೆ ಪಟಾಕಿ ಸಿಡಿದ ಹಾಗಿತ್ತು. ಅದು ನಿಜವಾದ ಬಣ್ಣಾನಾ, ಇಲ್ಲಾ ಕಂಪ್ಯೂಟರಿನಲ್ಲಿ ಬಳಿದದ್ದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೋಶಕ್ಕೆ ತನ್ನದೇ ಬಣ್ಣ ಅಂತ ಹೆಚ್ಚುಕಡಿಮೆ ಇಲ್ಲ. ಮೆದುಳಿನ ತೆಳ್ಳನೆಯ ಪದರವನ್ನು ಹಾಗೇ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ತಿಳಿಗಂಜಿ ನೋಡಿದಂತೆ. ಎಲ್ಲ ಕೋಶಕ್ಕೂ ಬಣ್ಣ ಹತ್ತಿಸಿದರೂ ಕಷ್ಟವೇ, ಒಂದರ ಕೊಂಬೆ ಇನ್ನೊಂದಕ್ಕೆ ಸಿಕ್ಕಿಕೊಂಡು ಬರೀ ಗೋಜಲು. ನೀವು ಮಲೆನಾಡಿನವರು, ನಿಮಗೆ ಗೊತ್ತು: ದಟ್ಟ ಕಾಡಿನೊಳಗೆ ನಿಂತು ಒಂದೇ ಮರವನ್ನು ಬುಡದಿಂದ ತುದಿಯವರೆಗೆ ಬೇರೆಯಾಗಿ ನೋಡೋದು ಆಗದ ಮಾತು.

ಈ ತೊಡಕು ಬಿಡಿಸಿದವರು ಇಟಲಿಯ ಕಮಿಲ್ಲೊ ಗಾಲ್ಜಿ, 1873ರಲ್ಲಿ. ಆಸ್ಪತ್ರೆಯ ಅಡುಗೆಮನೆಯನ್ನೇ ಲ್ಯಾಬ್ ಮಾಡಿಕೊಂಡಿದ್ದ ಆಸಾಮಿ. ಮೆದುಳಿನ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಹಾಕಿ, ಆಮೇಲೆ ಸಿಲ್ವರ್ ನೈಟ್ರೇಟಿಗೆ ಹಾಕಿದರು. ನೂರಕ್ಕೆ ಕೆಲವೇ ಕೋಶ ಕಪ್ಪಾದವು, ಆದರೆ ಕಪ್ಪಾದವು ಬೇರು-ಕೊಂಬೆ ಸಮೇತ ಪೂರ್ತಿ ಕಪ್ಪಾದವು. ಯಾಕೆ ಅವೇ, ಉಳಿದವು ಯಾಕಿಲ್ಲ? ವಿಜ್ಞಾನಿಗಳಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಅದನ್ನು ಚಂದ ಮಾಡಿದವರು ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್. ಹುಡುಗನಾಗಿದ್ದಾಗ ಚಿತ್ರಕಾರ ಆಗಬೇಕು ಅಂತಿದ್ದರು, ಡಾಕ್ಟರ್ ಅಪ್ಪ ಬಿಡಲಿಲ್ಲ (ಎಲ್ಲ ಊರಲ್ಲೂ ಇದೇ ಕಥೆ ಅಲ್ವಾ). 1887ರಲ್ಲಿ ಈ ವಿಧಾನ ಕಣ್ಣಿಗೆ ಬಿದ್ದ ಮೇಲೆ ಕಂಡದ್ದನ್ನೆಲ್ಲ ಶಾಯಿಯಲ್ಲಿ ಬಿಡಿಸಿದರು. ಕಿರುಮೆದುಳಿನ ಪರ್ಕಿಂಜೆ ಕೋಶದ ಚಿತ್ರ ನೋಡಿ: ಒಂದು ಕಾಂಡ, ಅದು ಕವಲೊಡೆದು, ಕವಲು ಮತ್ತೆ ಕವಲೊಡೆದು, ಕೊನೆಗೆ ಬಿಚ್ಚಿದ ಬೀಸಣಿಗೆ. ಪಕ್ಕದಿಂದ ನೋಡಿದರೆ ಪುಸ್ತಕದೊಳಗೆ ಒತ್ತಿಟ್ಟ ಎಲೆಯಷ್ಟು ಚಪ್ಪಟೆ! ಮೆದುಳೆಲ್ಲ ಒಂದೇ ಬಲೆ ಅಂತ ಗಾಲ್ಜಿ, ಒಂದೊಂದು ಕೋಶವೂ ಬಿಡಿಬಿಡಿ ಅಂತ ಕಹಾಲ್. 1906ರಲ್ಲಿ ನೊಬೆಲ್ ಇಬ್ಬರಿಗೂ ಹಂಚಿ ಬಂತು, ಅಲ್ಲಿನ ಭಾಷಣದಲ್ಲೂ ಗಾಲ್ಜಿ ಪಟ್ಟು ಬಿಡಲಿಲ್ಲ. ಗೆದ್ದದ್ದು ಕಹಾಲ್ ವಾದ.

ಮಗಳು ತೋರಿಸಿದ್ದು ಬಹುಶಃ ಬ್ರೇನ್‌ಬೋ ಅನ್ನೋ ವಿಧಾನದ ಫೋಟೋ. 2007ರಲ್ಲಿ ಹಾರ್ವರ್ಡ್‌ನವರು ಹೊಳೆಯುವ ಪ್ರೋಟೀನಿನ ಜೀನ್‌ಗಳನ್ನು ಇಲಿಗೆ ಸೇರಿಸಿದರು. ಒಂದೊಂದು ಕೋಶದಲ್ಲಿ ಅವು ಒಂದೊಂದು ಹದದಲ್ಲಿ ಬೆರೆತು ಸುಮಾರು 90 ಬಣ್ಣ ಬಂದವು. ಹೊಳಪು ನಿಜ, ಆದರೆ ಒಂದೊಂದು ಬೆಳಕನ್ನು ಬೇರೆಬೇರೆಯಾಗಿ ಹಿಡಿದು ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ, ಯಾವುದಕ್ಕೆ ಯಾವ ಬಣ್ಣ ಅನ್ನೋದನ್ನು ಆರಿಸಲೂಬಹುದು. ಹಾಗಾಗಿ ನಿಮ್ಮ ಅನುಮಾನ ಅರ್ಧ ಸರಿ.

ನನಗೇನೋ ಆ ಕಪ್ಪು ಮರವೇ ಜಾಸ್ತಿ ಇಷ್ಟ. ಮಗಳಿಗೆ ಅದನ್ನೂ ಹುಡುಕಿ ತೋರಿಸೋಕೆ ಹೇಳಿ.